ಎಮ್ಮೆ ಕೇಳಿದ ಇಂಗ್ಲಿಷು
ನಾನು ಏನೇ ಬರೆದರೂ ಒಮ್ಮೆ ಗಟ್ಟಿಯಾಗಿ ಓದದೆ ಯಾರ ಕೈಗೂ ಕೊಡುವುದಿಲ್ಲ. ನನ್ನ ಹೆಂಡತಿ ಇದಕ್ಕೆ ಚಟ ಎನ್ನುತ್ತಾಳೆ. ಖರೆ ಹೇಳಬೇಕೆಂದರೆ ಇದು ನನ್ನ ಗುರು ಕಲಿಸಿದ್ದು, ಮತ್ತು ಆ ಗುರುವಿಗೆ ಎರಡು ಕೊಂಬುಗಳಿದ್ದವು.

ಆಗ ನಾನು ನಾಗನೂರಿನಿಂದ ಸೈಕಲ್ ತುಳಿದು ಮೂಡಲಗಿಯ ಹೈಸ್ಕೂಲಿಗೆ ಹೋಗುತ್ತಿದ್ದೆ. ಮ್ಯಾಟ್ರಿಕ್ ವರ್ಷ. ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದರೆ ಅಪ್ಪನ ಕಬ್ಬಿನ ತೋಟ ನನಗಾಗಿ ಕಾದಿತ್ತು, ಮತ್ತು ನನಗೆ ಕಬ್ಬು ತಿನ್ನಲು ಮಾತ್ರ ಬರುತ್ತಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಂದೀಲು. ಅದನ್ನು ಪಡಸಾಲೆಯ ಕಂಬಕ್ಕೆ ತೂಗುಹಾಕುತ್ತಿದ್ದರು. ಈಚೆ ನಾನು ಇಂಗ್ಲಿಷ್ ಪದ್ಯವನ್ನು ರಾಗವಾಗಿ ಬಾಯಿಪಾಠ ಮಾಡುತ್ತಿದ್ದೆ, ಆಚೆ ಅದೇ ಬೆಳಕಿನಲ್ಲಿ ಅವ್ವ ಕರುವನ್ನು ಪಕ್ಕಕ್ಕೆ ಕಟ್ಟಿ ಎಮ್ಮೆ ಹಿಂಡುತ್ತಿದ್ದಳು. ಎಲ್ಲರಿಗೂ ಸುಖವಾಗಿತ್ತು.

ಅಷ್ಟರಲ್ಲಿ ಹುಕ್ಕೇರಿ ಕಡೆಯಿಂದ ಹೊಸ ಇಂಗ್ಲಿಷ್ ಮಾಸ್ತರರು ಬಂದರು. "ಬಾಯಿಪಾಠ ಮಾಡಿ ಬರದ್ರ ಸೊನ್ನಿ ಹಾಕ್ತೇನಿ. ಮನಸಿನ್ಯಾಗ ಓದ್ರಿ, ತಿಳ್ಕೊಳ್ರಿ, ನಿಮ್ಮ ಮಾತಿನ್ಯಾಗ ಬರೀರಿ" ಎಂದರು. ನಾನು ಅಂದಿನಿಂದಲೇ ಮೌನ ಹಿಡಿದೆ. ಅಂದು ಎಮ್ಮೆ ಹಾಲು ಬಿಡಲಿಲ್ಲ.

"ಯಾಕೋ, ಬಾಯಿಗೆ ಏನಾಗೇತಿ? ಎಮ್ಮಿ ಹಾಲ ಬಿಡವಲ್ದು. ಓದು" ಎಂದಳು ಅವ್ವ.

"ಮಾಸ್ತರು ಮನಸಿನ್ಯಾಗ ಓದು ಅಂದಾರವ್ವ."

"ಹಾಲು ಮನಸಿನ್ಯಾಗ ಹಿಂಡಾಕ ಬರ್ತೈತೇನು?"

ಅತ್ತ ಸೊನ್ನೆ, ಇತ್ತ ಮನೆಮಂದಿಗೆಲ್ಲ ಹಾಲಿಲ್ಲದ ಚಹಾ. ಕೊನೆಗೆ ನಾನೇ ಬರೆದ 'ನಮ್ಮೂರ ಸಂತೆ' ಎಂಬ ಇಂಗ್ಲಿಷ್ ಪ್ರಬಂಧವನ್ನು ಗಟ್ಟಿಯಾಗಿ ಓದಲು ಕೂತೆ. ಡಿಕ್ಷನರಿಯಿಂದ ಹೆಕ್ಕಿ ತಂದ ಭಾರೀ ಶಬ್ದಗಳನ್ನು ಅದರಲ್ಲಿ ತುಂಬಿದ್ದೆ. ಮೊದಲ ಭಾರೀ ಶಬ್ದಕ್ಕೇ ನಾಲಿಗೆ ತಡವರಿಸಿತು, ಹಾಲಿನ ಧಾರೆಯೂ ನಿಂತಿತು. ಎರಡನೆಯದಕ್ಕೆ ಎಮ್ಮೆ ಕಾಲು ಝಾಡಿಸಿ ಹಾಲಿನ ಚರಿಗೆ ಉರುಳಿಸಿತು. ಅವ್ವ ಎಮ್ಮೆಯನ್ನು ಬಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದಳು.

ಎಮ್ಮೆಗೆ ಇಂಗ್ಲಿಷ್ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅದಕ್ಕೆ ಓದು ನಡುನಡುವೆ ನಿಲ್ಲಬಾರದು, ಅಷ್ಟೇ. ನಾನು ತಡವರಿಸಿದಲ್ಲೆಲ್ಲ ಆ ಶಬ್ದ ಹೊಡೆದುಹಾಕಿ ಸಣ್ಣದೊಂದನ್ನು ಇಟ್ಟೆ, ಉದ್ದ ವಾಕ್ಯಗಳನ್ನು ಮುರಿದೆ. ದಿನ ಕಳೆದಂತೆ ಪ್ರಬಂಧ ಸಲೀಸಾಯಿತು, ಚರಿಗೆಯೂ ತುಂಬಿತು. ನನಗಂತೂ ಎಮ್ಮೆಯ ಮೇಲೆ ಭಕ್ತಿಯೇ ಹುಟ್ಟಿತು.

ಮಾಸ್ತರರು ಪ್ರಬಂಧ ಓದಿ ಕನ್ನಡಕ ತೆಗೆದರು. "ಚಲೋ ಬರದೀಯಲ್ಲೋ. ಯಾರ ಮುಂದರೆ ಓದಿ ತಿದ್ದಿದೇನು?"

"ಮನ್ಯಾಗ ಓದಿದ್ನಿರಿ."

"ನಿಮ್ಮ ಮನ್ಯಾಗ ಇಂಗ್ಲಿಷ್ ತಿಳಿಯೋರು ಯಾರದಾರ?"

ನಾನು ಉಗುರು ಕಚ್ಚುತ್ತ ನಿಂತೆ. ಅವರು ಅದನ್ನು ವಿನಯ ಎಂದುಕೊಂಡು ಬೆನ್ನು ತಟ್ಟಿದರು.

ಮ್ಯಾಟ್ರಿಕ್ ಪಾಸಾದೆ. ಕಬ್ಬಿನ ತೋಟಕ್ಕೂ ನನಗೂ ಋಣ ಹರಿಯಿತೆಂದು ಹಿಗ್ಗಿದೆ. ಅಪ್ಪ ಗೋಕಾಕಿಗೆ ಹೋಗಿ ಕರದಂಟು ತಂದ. ಅವ್ವ ಮೊದಲ ತುಂಡು ಮುರಿದಾಗ ನಾನು ನಾಚಿಕೆಯಿಂದಲೇ ಬಾಯಿ ತೆರೆದೆ. ಅವಳು ನನ್ನನ್ನು ದಾಟಿ ಹೋಗಿ ಅದನ್ನು ಎಮ್ಮೆಗೆ ತಿನ್ನಿಸಿದಳು.

"ಓದಿದಾಂವ ನಾನವ್ವ" ಎಂದೆ.

"ಹೌದಪಾ. ದಿನಾ ನಿಂತು ಕೇಳಿದಾಕಿ ಆಕಿ."

ಎರಡನೆಯ ತುಂಡಾದರೂ ನನ್ನದೇ ಎಂದುಕೊಂಡು ಬಾಯಿ ತೆರೆದೇ ಇಟ್ಟಿದ್ದೆ. ಅದು ಕರುವಿಗೆ ಹೋಯಿತು. ಅದೂ ಬಾಜೂಕ ನಿಂತು ಕೇಳಿತ್ತಂತೆ.