ಗಾಲಿಬೂಟಿನ ಸೀಟು, ನನ್ನ ನಿಂಬಿಹಣ್ಣು

ಮದಲ ತಲಿ ಮ್ಯಾಲ ಕೈ ಇಡು, ತಂಗಿ. ನನ್ನ ತಲಿ ಮ್ಯಾಲ ಅಲ್ಲೇ, ನಿನ್ನ ತಲಿ ಮ್ಯಾಲ! ದೇವಾಪುರದಿಂದ ಈ ಓಣಿಗೆ ಬಂದು ಇನ್ನ ತಿಂಗಳಾಗಿಲ್ಲ, ಆಗಲೇ ನಿನ್ನ ಬಾಯಿ ಎಂಥಾದ್ದಂತ ಎಲ್ಲಾರಿಗೂ ಗೊತ್ತಾಗೇತಿ. ನಾಳಿ ನೀ ನಳದ ಹತ್ರ ನಿಂತು ಒದರಿದ್ರ ಸಾಯೋದು ನಾನ. ಹಾಂ, ಈಗ ಹೇಳು, "ಯಾರ ಮುಂದೂ ಹೇಳಂಗಿಲ್ಲ." ಗಂಡನ ಮುಂದೂ ಹೇಳಂಗಿಲ್ಲ? ಆತು. ನಿನಗೊಬ್ಬಾಕಿಗೇ ಹೇಳಾಕತ್ತೀನಿ.

ಇಂಥವು ನಂಗ ಹೊಸಾವಲ್ಲ. ಯಾರಿಗರ ಒಳ್ಳೇದಾಗ್ಲಿ ಅಂತ ಕೈ ಹಾಕ್ತೀನಿ, ಆಮ್ಯಾಲ ಎಂಟು ದಿನ ಬಾಗಲಾ ಹಾಕ್ಕೊಂಡು ಒಳಗ ಕುಂದರ್ತೀನಿ. ಆದ್ರ ಈ ಸಲ ಖರೇನ ಅಂಜಿಕಿ ಬಂದೈತಿ. ಕೈ ಮುಟ್ಟಿ ನೋಡು, ತಣ್ಣಗಾಗ್ಯಾವ. ಶಹಾಪುರದ ಈ ಬಿಸಲಾಗ ಯಾರ ಕೈಯರ ತಣ್ಣಗ ಇರ್ತಾವೇನು?

ಮದಲನೇ ಗಾಯ

ಎದುರುಮನಿ ಟೇಲರಬಾಯಿ ಮಗಳನ್ನ ನೋಡೀಯಲ್ಲ? ಬಡಕಲ ಹುಡುಗಿ, ಮಣಕಾಲಿಗೆ ಪಟ್ಟಿ ಕಟ್ಕೊಂಡು ಅಡ್ಡ್ಯಾಡ್ತಾಳ. ಅದು ಗಾಲಿಬೂಟು ಹಾಕ್ಕೊಂಡು ಆಡ್ತೈತಿ. ಓಡೂ ಆಟ ಅಲ್ಲ. ಹಾಡಿಗೆ ತಕ್ಕಂಗ ಕುಣೀಬೇಕು, ಒಂದ ಕಾಲ ಮ್ಯಾಲ ಗಿರಗಿರ ತಿರಗಬೇಕು, ಹಾರಿ ಹೊಳ್ಳಿ ಗಾಲಿ ಮ್ಯಾಲೇ ಇಳೀಬೇಕು. ಫಿಗರ್ ಸ್ಕೇಟಿಂಗ್ ಅಂತಾರ. ಪರದೇಶದಾಗ ಬರ್ಫದ ಮ್ಯಾಲ ಆಡ್ತಾರಂತ. ನಮ್ಮ ಕಡೆ ಬರ್ಫ ಅಂದ್ರ ಮೀನಿನ ಗಾಡ್ಯಾಗ ಇರೋದ ಅಷ್ಟ, ಹಂಗಾಗಿ ನಮ್ಮ ಹುಡುಗೀದು ಗಾಲಿ. ಸಾಲಿ ಪಿ.ಟಿ. ಮಾಸ್ತರ ಸಣ್ಣಾಂವಿದ್ದಾಗ ಹುಬ್ಬಳ್ಳ್ಯಾಗ ಇದನ್ನ ಆಡಿದಾಂವ. ಅಂವಾ ಹತ್ತಿ ಬಜಾರದ ಸಿಮೆಂಟ್ ಅಂಗಳದಾಗ ದಿನಾ ಮುಂಜಾನೆ ಕಲಸ್ತಿದ್ದ.

ನಂಗೇನು ಗೊತ್ತು? ನಾಕನೇತ್ತೆ ಸಾಲಿ ಬಿಟ್ಟಾಕಿ, ರೊಟ್ಟಿ ಬಡದು ಮಾರಾಕಿ. ಒಂದಿನ ಹಮಾಲರಿಗೆ ರೊಟ್ಟಿ ಕೊಡಾಕ ಹೋದ್ರ, ಈ ಹುಡುಗಿ ಒಂದು ಕಾಲು ಮ್ಯಾಲೆತ್ತಿ, ಎರಡೂ ಕೈ ಚಾಚಿ, ಹಿಂದಹಿಂದಕ ಬರಾಕತ್ತೈತಿ! ಹಿಂದ ನೋಡಿದ್ರ ಹತ್ತಿ ಅಂಡಿಗಿ ರಾಶಿ. ಎವ್ವಾ, ಸತ್ತಳಲ್ಲೋ ಅಂತ ರೊಟ್ಟಿ ಬುಟ್ಟಿ ಒಗದು ಓಡಿಹೋಗಿ ತೆಕ್ಕಿಬಡಕೊಂಡೆ. ಇಬ್ಬರೂ ದಬಕ್ಕನ ಬಿದ್ವಿ. ಹುಡುಗಿ ಮಣಕಾಲು ಕೆತ್ತಿ ರಕ್ತ.

"ದೊಡ್ಡವ್ವಾ, ನಾ ಬೀಳಾಕತ್ತಿದ್ದಿಲ್ಲ. ಆಟಾನ ಹಂಗ ಐತಿ," ಅಂತು.

ಮಾಸ್ತರ ತಲಿ ಮ್ಯಾಲ ಕೈ ಹೊತ್ತು ನಿಂತ. "ಬಾಯೀರ, ಎರಡು ವರ್ಷ ಆತು, ಇಷ್ಟು ದಿನ ಈಕಿಗೆ ಒಂದು ಗಾಯ ಆಗಿದ್ದಿಲ್ಲ."

ಆವಾಗಿಂದ ನಾ ಬಜಾರಕ್ಕ ಕಾಲಿಟ್ರ ಸಾಕು, ಮಾಸ್ತರ ಮದಲ ಹುಡುಗಿ ಬೂಟು ಬಿಚ್ಚಸ್ತಿದ್ದ.

ಕಟ್ಟಿ ಮ್ಯಾಲಿನ ಕಮಿಟಿ

ವರ್ಷ ಕಳದ್ವು, ಹುಡುಗಿ ಎಲ್ಲೆಲ್ಲೋ ಗೆದ್ದು ಬಂದ್ಲು. ಈ ಸಲ ನಮ್ಮ ದೇಶದ ಟೀಮು ಪರದೇಶಕ್ಕ ಹೋಗ್ತೈತಿ, ಆ ವಯಸ್ಸಿನ ಹುಡುಗ್ಯಾರಾಗ ಒಂದ ಸೀಟು ಉಳದೈತಿ, ಅದಕ್ಕ ಇಬ್ಬರು ಅದಾರ ಅಂತ ಸುದ್ದಿ ಬಂತು. ಒಬ್ಬಾಕಿ ನಮ್ಮಾಕಿ. ಇನ್ನೊಬ್ಬಾಕಿ ದೂರದೂರಿನಾಕಿ, ಯಾವಾಗಲೂ ಹಳದಿ ಲಂಗ ಹಾಕ್ತಾಳ. ಹೈದರಾಬಾದದಾಗ ಕಮಿಟಿ ಕುಂತು ಇಬ್ಬರ ಆಟ ನೋಡಿ ಆರಸ್ತದಂತ.

ಹೈದರಾಬಾದದ ಕಮಿಟಿ ಕೂಡಾಕ ಇನ್ನೂ ಹದಿನೈದು ದಿನ ಇತ್ತು. ನಮ್ಮ ಓಣಿ ಕಮಿಟಿ ಆವತ್ತ ಸಂಜೀಕೇ ಕಟ್ಟಿ ಮ್ಯಾಲ ಕೂಡ್ತು. ಹಳದಿ ಹುಡುಗಿ ವಿಡಿಯೋ ಹಚ್ಚಿದ್ರು.

ಮೂಲಿಮನಿ ಖಾಲಾ ನೋಡಿ ನೋಡಿ ಹೇಳಿದ್ಲು, "ಆ ಹುಡುಗಿ ಭಾಳ ನಗ್ತೈತಿ. ಕೆಲಸ ಮಾಡಾಕತ್ತೋರು ಹಂಗ ನಗಂಗಿಲ್ಲ. ನಮ್ಮಾಕಿ ಮುಖಾ ನೋಡು, ಎಷ್ಟು ಫಿಕರಿನ್ಯಾಗ ಐತಿ. ನಮ್ಮಾಕಿಗೇ ಕೊಡ್ಬೇಕು."

ತಾಲೂಕು ಕಚೇರ್ಯಾಗ ಗುಮಾಸ್ತ ಆಗಿ ರಿಟೈರಾದ ಕಾಕಾ ಬಾಯಿ ಹಾಕಿದ. "ಆಟ ನೋಡೂ ಕೆಲಸನ ಇಲ್ಲ. ಯಾರ ಅರ್ಜಿ ಮದಲ ಆವಕ ಆಗೇತಿ? ಅವರದ್ದ ಸೀಟು. ಮ್ಯಾಲ ನಮ್ಮ ಕಡೆ ಜಿಲ್ಲಾದವರಿಗೆ ಮೀಸಲಾತಿ ಕೊಡೂ ಕಲಂ ಮುನ್ನೂರಾ ಎಪ್ಪತ್ತೊಂದು ಜೆ ಐತಿ."

"ಕಾಕಾ," ಅಂದ ಮಾಸ್ತರ, "ಅದು ನೌಕರಿಗೆ, ಕಾಲೇಜಿನ ಸೀಟಿಗೆ. ಗಿರಕಿ ಹೊಡ್ಯಾಕಲ್ಲ."

"ಬರದು ಕೇಳಿಯೇನು?" ಅಂದ ಕಾಕಾ. "ಬರದು ಕೇಳಲಾರದ ಇಲ್ಲಂತ ಹ್ಯಾಂಗ ಹೇಳ್ತಿ?"

ಎಲ್ಲಾರೂ ನಕ್ಕರು. ನಂಗ ನಗಿ ಬರಲಿಲ್ಲ. ಯಾಕಂದ್ರ ನಾ ಆ ವಿಡಿಯೋ ಅಷ್ಟರಾಗ ಹೊಳ್ಳಿ ಹೊಳ್ಳಿ ಮೂರು ಸಲ ನೋಡಿದ್ದೆ. ಹಳದಿ ಹುಡುಗಿ ನಮ್ಮಾಕಿಗಿಂತ ಮ್ಯಾಲ ಹಾರ್ತಿತ್ತು. ತಿರಗೋದ್ರಾಗ ನಮ್ಮಾಕಿ, ಹಾರೋದ್ರಾಗ ಆಕಿ. ಟೇಲರಬಾಯಿಗೂ ಅದು ಗೊತ್ತಿತ್ತು. ಮಗಳ ಅಂಗಿಗೆ ಟಿಕಳಿ ಹಚ್ಚಕೋತ ಕುಂತಾಕಿ ನನ್ನ ನೋಡಿ ಮೆಲ್ಲಕ ಕೇಳಿದ್ಲು, "ಅಕ್ಕಾ, ಹೈದರಾಬಾದಕ್ಕ ನನ್ನ ಜೋಡಿ ಬರ್ತೀಯೇನು? ನೀ ಇದ್ರ ನಂಗ ಧೈರ್ಯ."

ಆಕಿ ಬಾಳೇದಾಗ ಮಾಡಿದ ದೊಡ್ಡ ತಪ್ಪು ಅದು.

ನಾಕು ಗೆರಿ ಕೂಡೂ ಜಾಗ

ಯಾದಗಿರಿಯಾಗ ರೈಲು ಹತ್ತಿ ಹೋದ್ವಿ. ಅದೊಂದು ದೊಡ್ಡ ಹಾಲು, ಕಟಗೀ ನೆಲ, ಕನ್ನಡಿಯಂಗ ಹೊಳಿತಿತ್ತು. ನಮ್ಮನ್ನ ಮ್ಯಾಲ ಗ್ಯಾಲರ‍್ಯಾಗ ಕುಂದ್ರಿಸಿದ್ರು. ನಮ್ಮಾಕಿ ಮದಲನೇ ಸುತ್ತಿನ್ಯಾಗ ಒಂದು ಕಾಲು ಎತ್ತಿದ ಕೂಡ್ಲೆ ನಾ ಎದ್ದು ನಿಂತು, "ಇನ್ನಾ ಎತ್ತವ್ವಾ! ಅಂಜಬ್ಯಾಡ!" ಅಂತ ಒದರಿದೆ. ಕಣ್ಣಿಗೆ ದಪ್ಪ ಚಾಳೀಸು ಹಾಕಿದ ಒಬ್ಬ ಕಮಿಟಿಯಾಂವ ಮ್ಯಾಲ ಹತ್ತಿ ಬಂದ. ಕನ್ನಡದಾಂವ. "ಅಮ್ಮಾ, ಕೈ ಮುಗೀತೀನಿ, ಬಾಯಿ ಮುಚ್ರಿ," ಅಂದ.

ಚಹಾಕ್ಕ ಬಿಟ್ರು. ಎರಡನೇ ಸುತ್ತು ಬಾಕಿ ಇತ್ತು. ಹುಡುಗಿ ಮುಖ ಬಾಡಿ ಸುಣ್ಣ ಆಗಿತ್ತು. ಇಷ್ಟು ಮಂದಿ ಕಣ್ಣು ಬಿದ್ರ ಆಗಲಾರದ ಇರ್ತೈತೇನು? ಸೆರಗಿನ್ಯಾಗ ಕಟಗೊಂಡು ಹೋಗಿದ್ದ ನಿಂಬಿಹಣ್ಣು ತಗದೆ, ಹುಡುಗಿಗೆ ಮೂರು ಸಲ ನಿವಾಳಿಸಿದೆ, ಹಲ್ಲಿಲೆ ಕಚ್ಚಿ ಎರಡು ಹೋಳು ಮಾಡಿದೆ. ಈಗ ಅದನ್ನ ದಾರಿ ಕೂಡೂ ಜಾಗದಾಗ ಒಗೀಬೇಕು. ನಮ್ಮ ಓಣ್ಯಾಗ ಆದ್ರ ಮೂರು ದಾರಿ ಕೂಡೂ ಮೂಲಿ ಐತಿ. ಆ ಹಾಲಿನ್ಯಾಗ ಎಲ್ಲಿಂದ ತರ್ಲಿ? ಹೊರಗ ಹೋದ್ರ ಒಳಗ ಬಿಡಂಗಿಲ್ಲಂತ ಬಾಗಲಾಗಿನಾಂವ ಅಂತಾನ.

ಕೆಳಗ ನೋಡಿದೆ. ನೆಲದ ಮ್ಯಾಲ ಯಾವುದೋ ಚೆಂಡಿನ ಆಟಕ್ಕ ಬಿಳಿ ಗೆರಿ ಹೊಡದಿದ್ರು. ನಟ್ಟನಡುವ ನಾಕು ಗೆರಿ ಬಂದು ಕೂಡಿದ್ವು. ಮೂರು ದಾರಿ ಕೇಳಿದ್ರ ದೇವರು ನಾಕು ದಾರಿ ಕೊಟ್ಟಾನ! ಯಾರೂ ನೋಡಲಾರದಾಗ ಹೋಗಿ ಎರಡೂ ಹೋಳು ಅಲ್ಲಿ ಇಟ್ಟು, ಹೊಳ್ಳಿ ನೋಡಲಾರದ ಬಂದೆ. ನೆಲಾನೂ ಹಳದಿ, ನಿಂಬಿಹಣ್ಣೂ ಹಳದಿ.

ಗಂಟಿ ಹೊಡೀತು. ಮದಲ ಹಳದಿ ಲಂಗದ ಹುಡುಗಿ ಬಂತು. ಬಂದು, ನಟ್ಟನಡುವ ಹಾರಿ, ಆ ನಾಕು ಗೆರಿ ಮ್ಯಾಲ ಇಳೀತು.

ತಂಗಿ, ಆ ಸಪ್ಪಳ ಇನ್ನೂ ನನ್ನ ಕಿವ್ಯಾಗ ಐತಿ. ಹುಡುಗಿ ಬಿದ್ದು ನಾಕು ಮಾರು ಜಾರಿಕೋತ ಹೋತು. ಎದ್ದು ನಿಂತು, ಮಣಕಾಲಾಗಿನ ರಕ್ತ ಒರಸಕೊಂಡು, ನಕ್ಕೋತ ಆಟ ಮುಗಿಸ್ತು. ಒಬ್ಬ ನೆಲ ಒರಸಾಂವ ಬಂದು ಒರಸಿ ಹೋದ. ಆಮ್ಯಾಲ ನಮ್ಮಾಕಿ ಬಂದು ತಪ್ಪಿಲ್ಲದಂಗ ಆಡಿದ್ಲು.

ಕಮಿಟಿಯವರು ಬಾಗಲಾ ಹಾಕ್ಕೊಂಡು ಭಾಳೊತ್ತು ಜಗಳಾಡಿದ್ರು. ಹೊರತನಕ ಕೇಳಸ್ತಿತ್ತು. ಒಬ್ಬರು "ಬಿದ್ದಾಕಿ ಬಿದ್ದಾಕೀನ," ಅಂತಾರ, ಇನ್ನೊಬ್ಬರು "ನೆಲದ ಮ್ಯಾಲ ಏನೋ ಇತ್ತು," ಅಂತಾರ. ಕಡೀಕ ನಮ್ಮಾಕಿ ಹೆಸರು ಕೂಗಿದ್ರು. ಟೇಲರಬಾಯಿ ಅಳಕೋತ ನನ್ನ ಕಾಲಿಗೆ ಬಿದ್ಲು. "ಅಕ್ಕಾ, ಇದೆಲ್ಲಾ ನಿನ್ನಿಂದನ!"

ಅದು ಎಷ್ಟು ಖರೇ ಅಂತ ಆಕಿಗೆ ಗೊತ್ತಿದ್ದಿಲ್ಲ.

ಉಪ್ಪಿನಕಾಯಿ

ಒಂದು ಹೋಳು ಆ ಹುಡುಗಿ ಗಾಲ್ಯಾಗ ಜಜ್ಜಿಹೋಗಿತ್ತು. ಇನ್ನೊಂದು ಉರುಳಿ ಮಂದಿ ಕುಂದ್ರೂ ಬಾಕಿನ ಕೆಳಗ ಹೋಗಿತ್ತು, ನಾ ಎತ್ತಿ ರೊಟ್ಟಿ ಅರಿವ್ಯಾಗ ಮುಚ್ಚಿಟ್ಕೊಂಡೆ. ಮನಿಗೆ ತಂದ್ರ ಒಗ್ಯಾಕ ಅಂಜಿಕಿ. ತಿಪ್ಯಾಗ ಒಗದ್ರ ಯಾರರ ನೋಡ್ತಾರ. ನೆಲದಾಗ ಹುಗದ್ರ ನಾಯಿ ಕೆದರ್ತೈತಿ. ಯಾವ ಜೀಪು ಓಣ್ಯಾಗ ಬಂದ್ರೂ ಕಮಿಟಿಯವರ ಬಂದ್ರಂತ ಓಡಿಹೋಗಿ ಬಾಗಲಾ ಹಾಕ್ಕೋತಿದ್ದೆ. ಕಡೀಕ ನಿಂಬಿಹಣ್ಣು ಬಚ್ಚಿಡಾಕ ನಿಂಬಿಹಣ್ಣಿನ ನಡುವಿಗಿಂತ ಛಲೋ ಜಾಗಾ ಯಾವುದು ಅಂತ, ಉಪ್ಪಿನಕಾಯಿ ಬರಣ್ಯಾಗ ತಳದಾಗ ತುರುಕಿದೆ.

ಎಂಟು ದಿನ ಆದ ಮ್ಯಾಲ ನಮ್ಮ ಮನ್ಯಾಂವ ಉಣಕೋತ ಅಂದ, "ಈ ಸಲದ ಉಪ್ಪಿನಕಾಯಿ ಭಾಳ ಛಲೋ ಆಗೇತಿ. ಒಂದು ಹೋಳು ಅಂತೂ ಬ್ಯಾರೇನ ರುಚಿ!"

ಬರಣಿ ತಳದಾಗ ಕೈ ಹಾಕಿ ಹುಡುಕಿದೆ, ಆ ಹೋಳು ಇಲ್ಲ. ದೃಷ್ಟಿ ತಗದ ನಿಂಬಿಹಣ್ಣು ತಿಂದ್ರ ಏನಾಗ್ತೈತೋ ಯಾರಿಗೆ ಗೊತ್ತು? ಮೂರು ದಿನ ಅಂವನ ಬೆನ್ನು ಬಿಡಲಿಲ್ಲ. ಬಚ್ಚಲಕ್ಕ ಹೋದ್ರೂ ಹೊರಗ ನಿಂತಿರ್ತಿದ್ದೆ, ಎಲ್ಲಿ ಒಂದು ಕಾಲೆತ್ತಿ ಗಿರಕಿ ಹೊಡ್ಯಾಕ ಶುರು ಮಾಡ್ತಾನೋ ಅಂತ.

ಅಂವಗ ಏನೂ ಆಗಲಿಲ್ಲ. ಇಷ್ಟು ವರ್ಷದ ಮ್ಯಾಲ ನನ್ನ ಹೇಣ್ತಿಗೆ ನನ್ನ ಮ್ಯಾಲ ಪ್ರೀತಿ ಬಂದೈತಿ ಅಂತ ಕಟ್ಟಿ ಮ್ಯಾಲ ಹೇಳ್ಕೋತ ತಿರಗಿದ.

ಛೋಕ್ರೀಕಿ ಅಮ್ಮಾ

ನಿದ್ದಿ ಬರವಲ್ದಾಗಿತ್ತು. ಕಣ್ಣು ಮುಚ್ಚಿದ್ರ ಹಳದಿ ಲಂಗ. ಆ ಹುಡುಗೀಗೂ ಒಬ್ಬಾಕಿ ಅವ್ವ ಇರ್ತಾಳ, ಆಕೀನೂ ಟಿಕಳಿ ಹಚ್ಚಿರ್ತಾಳ. ಹೊಟ್ಟ್ಯಾಗ ಇಟ್ಕೊಳ್ಳಾಕ ಆಗಲಿಲ್ಲ, ಖಾಲಾಗ ಒಬ್ಬಾಕಿಗೇ ಹೇಳಿದೆ, ಆಣಿ ಹಾಕಿಸಿ. ಮತ್ತ ಕಾಕಾನ ಹೇಣ್ತಿಗೆ ಒಬ್ಬಾಕಿಗೆ. ಗಿರಣಿಯಾಕಿಗೆ. ಬಳಿಗಾರ್ತಿಗೆ. ನೀ ಐದನೇದಾಕಿ. ಯಾಕ ಹಂಗ ನೋಡ್ತಿ? ಐದೂ ಮಂದಿ ಆಣಿ ಹಾಕೀರಲ್ಲ!

ಖಾಲಾ ಹೇಳಿದ್ಲು, "ಫೋನ್ ಮಾಡಿ ಹೇಳಿಬಿಡು. ನೀ ಯಾರಂತ ಹೇಳಬ್ಯಾಡ, ಉರ್ದುದಾಗ ಮಾತಾಡು, ಗುರ್ತ ಸಿಗಂಗಿಲ್ಲ."

ಟೇಲರಬಾಯಿ ಮಷೀನಿನ ಮ್ಯಾಲ ಕಮಿಟಿ ಕಾಗದ ಹಚ್ಚಿದ್ಲು. ಅದರಾಗಿನ ನಂಬರ ನೋಡ್ಕೊಂಡು ಬಂದೆ. ಬಾಯಿಗೆ ಸೆರಗು ಮುಚ್ಚಿ ಫೋನ್ ಹಚ್ಚಿದೆ. "ಹಲ್ಲೋ ಸಾಬ್, ಉಸ್ ದಿನ್ ಜಮೀನ್ ಸಾಫ್ ನೈ ಥಾ. ಪೀಲೀ ಛೋಕ್ರೀಕಾ ಗಲ್ತಿ ನೈ." ಆವತ್ತ ನೆಲ ಸ್ವಚ್ಛ ಇದ್ದಿಲ್ಲ, ಹಳದಿ ಹುಡುಗೀದು ತಪ್ಪಿಲ್ಲ ಅಂತ.

"ಆಪ್ ಕೌನ್?" ಅಂದ ಆ ಕಡಿಯಾಂವ, ಹೆಸರಿಲ್ಲದ ತಕರಾರು ತಗೊಳಂಗಿಲ್ಲಂತ ಉರ್ದುದಾಗ.

ಬಾಯಿಗೆ ಬಂದದ್ದು ಅಂದೆ, "ಮೈ ಛೋಕ್ರೀಕಿ ಅಮ್ಮಾ ಬೋಲ್ರೀ." ಹುಡುಗಿ ಅವ್ವ ಮಾತಾಡಾಕತ್ತೀನಿ ಅಂತ.

"ಕೌನ್ಸಿ ಛೋಕ್ರಿ?"

"ಶಹಾಪುರ್ ಕೀ."

ಹಳದಿ ಹುಡುಗಿ ಅವ್ವ ಅಂದಿದ್ರ ಮುಗೀತಿತ್ತು! ಆ ದೇವರು ನಂಗ ಇಷ್ಟು ದೊಡ್ಡ ಬಾಯಿ ಕೊಟ್ಟು ಬುದ್ಧಿ ಕೊಡೂದು ಮರತಾನ.

ಆ ಮನಶ್ಯಾ ಥಟ್ಟನ ಕನ್ನಡಕ್ಕ ಬಂದ, ಗ್ಯಾಲರಿಗೆ ಹತ್ತಿ ಬಂದಿದ್ದ ಆ ಚಾಳೀಸಿನಾಂವನ ಅಂವಾ. "ಓ, ಗ್ಯಾಲರಿಯಿಂದ ಒದರಿದವರು ನೀವಲ್ಲೇನ್ರಿ? ಧ್ವನಿ ಗುರ್ತ ಸಿಕ್ತು. ಆವಾಗೇ ತಾಯಿ ಅನ್ಕೊಂಡಿದ್ದೆ. ನೆಲದ ಮ್ಯಾಲ ನೀರು ಬಿದ್ದಿತ್ತೇನ್ರಿ?"

"ನೀರಲ್ರಿ, ನಿಂಬಿರಸ!"

"ನಿಮಗ ಹ್ಯಾಂಗ ಗೊತ್ತು?"

"ವಾಸನಿ ಬಂತ್ರಿ."

"ಗ್ಯಾಲರಿ ತನಕ?"

"ನನ್ನ ಮೂಗು ಭಾಳ ಛಲೋ ಐತ್ರಿ," ಅಂದು ಫೋನ್ ಇಟ್ಟೆ.

ಹಾರ

ಎರಡು ದಿನಕ್ಕ ಕಮಿಟಿಯಿಂದ ಟೇಲರಬಾಯಿಗೆ ಫೋನ್ ಬಂತು. ಸೀಟು ತಡದೀವಿ, ಇಬ್ಬರೂ ಹುಡುಗ್ಯಾರು ಬರೂ ವಾರ ಹೊಳ್ಳಿ ಆಡಬೇಕು ಅಂತ. ಅಷ್ಟಕ್ಕ ಬಿಡಲಿಲ್ಲ ಆ ಚಾಳೀಸಿನಾಂವ. "ಸ್ವಂತ ಮಗಳ ಸೀಟು ಹೋಗ್ತೈತಿ ಅಂತ ಗೊತ್ತಿದ್ದೂ ಖರೇ ಹೇಳಿದ್ರಿ. ನಿಮ್ಮಂಥಾ ತಾಯಿ ಸಿಗಂಗಿಲ್ಲ," ಅಂದನಂತ.

ಮಾಸ್ತರ ಮಗ್ಗಲದಾಗ ನಿಂತು ಕೇಳಿಸ್ಕೊಂಡ. ಸಂಜೀ ಅನ್ನೂದ್ರಾಗ ಓಣಿ ಮಂದಿ ಕಟ್ಟಿ ಮ್ಯಾಲ ಖುರ್ಚಿ ಹಾಕಿ, ಟೇಲರಬಾಯಿಗೆ ಶಾಲು ಹೊದಿಸಿ ಸನ್ಮಾನ ಇಟ್ಟುಬಿಟ್ರು. ಕಾಕಾ ಭಾಷಣ ಮಾಡಿದ. ಆಕಿ ಪಾಪ, ಹೌದಂದ್ರ ಮಗಳ ಸೀಟು ತಾನೇ ಕಳದಂಗ, ಅಲ್ಲಂದ್ರ ಇಜ್ಜತ್ ಹೋಗ್ತೈತಿ, ಸೆರಗು ಕಚ್ಕೊಂಡು ಕುಂತಿದ್ಲು. ಹಾರ ಹಾಕಾಕ ನನ್ನನ್ನ ಕರದ್ರು.

ನಾ ಬಗ್ಗಿ ಹಾರ ಹಾಕಿದೆ. ಆಕಿ ನಕ್ಕೋತ ನನ್ನ ಕಿವ್ಯಾಗ ಅಂದ್ಲು, "ಅಕ್ಕಾ, ನನ್ನ ಹೆಸರಲೆ ಫೋನ್ ಮಾಡಿದಾಕಿ ಯಾರಂತ ಗೊತ್ತಾಗ್ಲಿ, ಈ ಹಾರ ಕಾಯ್ದಿಟ್ಟು ಆಕಿ ಫೋಟೋಕ್ಕ ಹಾಕ್ತೀನಿ."

ನಿನ್ನಿ ಆಗಿದ್ದು ಇದು. ಇವತ್ತ ಮಧ್ಯಾಹ್ನ ಹುಡುಗಿ ಬಂದಿತ್ತು. ನಾ ಮುಖ ಕೆಳಗ ಹಾಕಿದೆ. ಅದು ಬಂದು ಮಗ್ಗಲದಾಗ ಕುಂತು, "ದೊಡ್ಡವ್ವಾ, ಆ ಫೋನು ರೆಕಾರ್ಡ್ ಆಗೇತಿ. ಕಮಿಟಿಯವರು ನಮ್ಮ ಫೋನಿಗೆ ಕಳಿಸ್ಯಾರ. ನಾ ಕೇಳಿದೆ," ಅಂತು.

"ಬೈಯವ್ವಾ. ನಿನ್ನ ಸೀಟು ನಾನ ಕಳದೆ," ಅಂದೆ.

"ಇಲ್ಲ. ಆಕಿ ಬಿದ್ದಿದ್ದಕ್ಕ ನಂಗ ಸಿಕ್ತು ಅಂತ ನಂಗೂ ನಿದ್ದಿ ಬರ್ತಿದ್ದಿಲ್ಲ. ಈಗ ಆಕಿ ನಿಂತಿರ್ತಾಳ, ನಾನೂ ನಿಂತಿರ್ತೀನಿ, ನೋಡೂಣು. ಅಂಜಿಕಿ ಅಂತೂ ಭಾಳ ಐತಿ, ಆದ್ರ ಈ ಅಂಜಿಕಿ ಛಲೋ ಐತಿ." ಎದ್ದು ಹೊಂಟಾಕಿ ಬಾಗಲದಾಗ ನಿಂತು ಹೇಳಿದ್ಲು, "ನೀ ಹೈದರಾಬಾದಕ್ಕ ಬರೂದು ಬ್ಯಾಡ. ಮತ್ತ, ಅವ್ವ ಇನ್ನೂ ರೆಕಾರ್ಡ್ ಕೇಳಿಲ್ಲ. ಹೊಲಿಗಿ ಮುಗಿಸಿ ಸಂಜೀಕ ಕೇಳ್ತಾಳಂತ."

ಅದಕ್ಕ ನಿನ್ನ ಕರದು ಕುಂದ್ರಿಸೀನಿ, ತಂಗಿ. ಒಬ್ಬಾಕಿಗೆ ಇರಾಕ ಆಗವಲ್ದು. ಎದುರುಮನಿ ಮಷೀನಿನ ಸಪ್ಪಳ ಕೇಳ್ಕೋತ ಕುಂತೀನಿ. ಅದು ನಡದಿರೂ ತನಕ ನಾ ಬದಕೀನಿ ಅಂತ ಲೆಕ್ಕ...

ತಡಿ. ಮಷೀನು ಯಾವಾಗ ನಿಂತಿತು?

ಬಾಗಲಾ ಬಡದಂಗಾತು. ಯಾರು? ಯಾರವರು?

ಕೇಳಿದೇನು, ಏನಂದ್ಲು? "ಹಲ್ಲೋ ಸಾಬ್, ಮೈ ಛೋಕ್ರೀಕಿ ಅಮ್ಮಾ ಬೋಲ್ರೀ" ಅಂದ್ಲು. ನನ್ನ ಧ್ವನಿ ಇದ್ದಂಗ ಅಂದ್ಲು!

ಕಿಟಕಿ ಸಂದ್ಯಾಗಿಂದ ನೋಡು, ಕೈಯಾಗ ಏನೈತಿ? ಕೋಲೇನು? ಕಸಬರಗಿಯೇನು?

ಹಾರ?

ತಂಗಿ, ಗ್ವಾಡಿ ಮ್ಯಾಲ ನನ್ನ ಫೋಟೋ ಐತಿ ನೋಡು, ಅದನ್ನ ತಗದು ಒಳಗ ಇಡು. ಲಗೂ, ಲಗೂ...