ಎರಡಕ್ಕೂ ನಾಲ್ಕಕ್ಕೂ ನಡುವೆ ಕೆಟ್ಟು ನಿಂತ ಲಿಫ್ಟಿಗೆ

ಮಾನ್ಯ ಲಿಫ್ಟ್ ಮಹೋದಯರೇ,

ತಮಗೆ ನನ್ನ ವಿನಯಪೂರ್ವಕ ವಂದನೆಗಳು. ತಮ್ಮ ಹಗ್ಗಗಳೂ ಗಾಲಿಗಳೂ ಕ್ಷೇಮವೆಂದೂ, ತಮ್ಮೊಳಗಿನ ಪುಟ್ಟ ಫ್ಯಾನು ಎಂದಿನಂತೆ ಗಾಳಿಗಿಂತ ಹೆಚ್ಚು ಸದ್ದನ್ನೇ ಕೊಡುತ್ತ ಸೇವೆಯಲ್ಲಿದೆಯೆಂದೂ ನಂಬಿದ್ದೇನೆ.

ಮೊದಲಿಗೆ, ಬರೆಯದೇ ಬಿಟ್ಟುಬಿಡೋಣವೆಂದುಕೊಂಡಿದ್ದ ಒಂದು ಮಾತು. ಈ ಪತ್ರದ ಮೊದಲ ಕರಡಿನಲ್ಲಿ ‘ನನಗೆ ಪರಿಚಯದ ಒಬ್ಬ ರೋಗಿ’ ಎಂದು ಬರೆದಿದ್ದೆ. ಎರಡನೆಯದರಲ್ಲಿ ಆ ಪರಿಚಯದವರು ದೂರದ ಸಂಬಂಧಿಯಾದರು. ಮೂರನೆಯದಕ್ಕೆ ಕೂತಾಗ ನನಗೇ ನಾಚಿಕೆಯಾಯಿತು, ಏಕೆಂದರೆ ತಾವು ನಮ್ಮಿಬ್ಬರನ್ನೂ ಎಷ್ಟೋ ಸಲ ಹೊತ್ತಿದ್ದೀರಿ, ನಮ್ಮ ಮೂಗು ಒಂದೇ ಅಚ್ಚಿನದೆಂಬುದು ತಮ್ಮ ಕನ್ನಡಿಗೆ ಚೆನ್ನಾಗಿ ಗೊತ್ತು. ಅವನು ನನ್ನ ಒಡಹುಟ್ಟಿದ ತಮ್ಮ. ಅವನಿಗೆ ಮನಸ್ಸಿನ ಕಾಯಿಲೆ ಇದೆ, ಮತ್ತು ಅವನು ಕುಡಿಯುತ್ತಾನೆ. ಈ ಎರಡು ಮಾತುಗಳನ್ನು ಒಂದೇ ವಾಕ್ಯದಲ್ಲಿ ಬರೆಯುವುದು ನನಗೆ ಇಷ್ಟು ದಿನ ಆಗಿರಲಿಲ್ಲ. ಆಸ್ಪತ್ರೆಗೆ ಇನ್ನೂ ಆಗಿಲ್ಲ.

ತಮಗೇ ಏಕೆ ಬರೆಯುತ್ತಿದ್ದೇನೆಂದು ತಾವು ಆಶ್ಚರ್ಯಪಡಬಹುದು. ಮೇಲ್ವಿಚಾರಕರ ಕಚೇರಿಯಲ್ಲಿ ನನ್ನ ಅಹವಾಲನ್ನು ಅರ್ಧ ಕೇಳಿ, ‘ಏನಿದ್ರೂ ಬರೆದು ದೂರು ಪೆಟ್ಟಿಗೆಗೆ ಹಾಕಿ ಮೇಡಂ’ ಎಂದರು. ಆ ಪೆಟ್ಟಿಗೆಯನ್ನು ತಮ್ಮ ಹೊಟ್ಟೆಯೊಳಗೆ, ಕನ್ನಡಿಯ ಪಕ್ಕದಲ್ಲಿ, ಮೊಳೆ ಹೊಡೆದು ಕೂರಿಸಿದ್ದಾರೆ. ಅದರ ಬೀಗದ ಕೈ ಯಾರ ಹತ್ತಿರ ಇದೆಯೆಂದು ಕೇಳಿದಾಗ ಕಚೇರಿಯವರು ಒಬ್ಬರು ಇನ್ನೊಬ್ಬರ ಮೇಜಿನ ಕಡೆ ಕೈ ತೋರಿಸಿದರು. ಯಾರ ಹೆಸರಿಗೆ ಬರೆದರೂ ಕೊನೆಗೆ ಪತ್ರ ಉಳಿಯುವುದು ತಮ್ಮಲ್ಲೇ ಎಂದಾದ ಮೇಲೆ, ನೇರವಾಗಿ ತಮ್ಮನ್ನೇ ಸಂಬೋಧಿಸುವುದು ಸಭ್ಯತೆ ಎನಿಸಿತು.

ನನ್ನ ಬಗ್ಗೆ ಹೇಳುವುದಾದರೆ, ನಾನು ನೀರು ಸರಬರಾಜು ಕಚೇರಿಯಲ್ಲಿ ಸಾರ್ವಜನಿಕರ ದೂರುಗಳಿಗೆ ಉತ್ತರ ಬರೆಯುವ ಕೆಲಸದಲ್ಲಿದ್ದೇನೆ. ಓದಿದ್ದೆಲ್ಲ ಇಂಗ್ಲಿಷಿನಲ್ಲಾದ್ದರಿಂದ ಮೊದಮೊದಲು ನನ್ನ ಕನ್ನಡ ಪತ್ರಗಳು ಅಂಗಡಿಯಿಂದ ಆಗಷ್ಟೇ ತಂದ ಅಂಗಿಯಂತೆ ಗಂಜಿ ಹಾಕಿಕೊಂಡು ನಿಂತಿರುತ್ತಿದ್ದವು. ಈಗ ‘ತಮ್ಮ ದೂರನ್ನು ಸಂಬಂಧಪಟ್ಟ ವಿಭಾಗಕ್ಕೆ ರವಾನಿಸಲಾಗಿದೆ’ ಎಂಬ ವಾಕ್ಯವನ್ನು ನಾನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಸಂಬಂಧಪಟ್ಟ ವಿಭಾಗ ಎಂದರೆ ಯಾವಾಗಲೂ ಇನ್ನೊಂದು ವಿಭಾಗ ಎಂಬುದು ಆ ವಾಕ್ಯ ಬರೆಯುವವರಿಗೆ ತಿಳಿದಿರುತ್ತದೆ. ಹಾಗಾಗಿ ತಮ್ಮ ಆಸ್ಪತ್ರೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗೆ ಎಷ್ಟಿದೆಯೋ, ಖಚಿತವಿಲ್ಲ. ಆದರೂ ಸ್ವಲ್ಪ ಮಾಡಿಕೊಳ್ಳುತ್ತೇನೆ.

ತಮಗೆ ತಿಳಿದಿರುವಂತೆ ತಾವು ಎರಡನೇ ಮಹಡಿಯಲ್ಲಿ ನಿಂತಾಗ ತಮ್ಮೊಳಗಿನ ಹೆಣ್ಣುದನಿ ‘ಎರಡನೇ ಮಹಡಿ, ಮನೋರೋಗ ವಿಭಾಗ’ ಎನ್ನುತ್ತದೆ. ಆಮೇಲೆ ಉಸಿರು ಬಿಗಿಹಿಡಿದಂತೆ ಮೂರನ್ನು ದಾಟಿ, ‘ನಾಲ್ಕನೇ ಮಹಡಿ, ವ್ಯಸನಮುಕ್ತಿ ವಿಭಾಗ’ ಎನ್ನುತ್ತದೆ. ಎರಡನೇ ಮಹಡಿಯ ಗೋಡೆಯ ಮೇಲೆ, ಮದ್ಯಪಾನ ಪೂರ್ತಿ ನಿಲ್ಲಿಸಿದವರಿಗೆ ಮಾತ್ರ ಚಿಕಿತ್ಸೆ ಎಂಬ ಫಲಕವಿದೆ. ನಾಲ್ಕನೇ ಮಹಡಿಯ ಗೋಡೆಯ ಮೇಲೆ, ಮಾನಸಿಕವಾಗಿ ಸ್ಥಿರವಾಗಿರುವವರನ್ನು ಮಾತ್ರ ದಾಖಲಿಸಿಕೊಳ್ಳಲಾಗುವುದು ಎಂಬ ಫಲಕವಿದೆ. ಎರಡೂ ಒಂದೇ ಅಳತೆಯವು, ಒಂದೇ ನೀಲಿ ಬಣ್ಣದವು. ನನ್ನ ತಮ್ಮ ಚಿತ್ರಗಳಿಗೂ ಫೋಟೋಗಳಿಗೂ ಚೌಕಟ್ಟು ಹಾಕುವವನಾದ್ದರಿಂದ ಮೊದಲ ಸಲ ಅವುಗಳನ್ನು ನೋಡಿ, ಓದುವುದಕ್ಕೆ ಮುಂಚೆ, ‘ಚೌಕಟ್ಟು ಒಳ್ಳೇ ಮರದ್ದು ಹಾಕಿದಾರೆ ಅಕ್ಕಾ’ ಎಂದು ಮೆಚ್ಚಿದ್ದ. ಓದಿದ ಮೇಲೆ ಕೈಲಿದ್ದ ಚೀಟಿಯನ್ನು ಮಡಚಿ ಜೇಬಿಗಿಟ್ಟ.

ಅಂದಿನಿಂದ ಮಂಗಳವಾರ ಅವನು ಎರಡನೇ ಮಹಡಿಯ ರೋಗಿ, ಶುಕ್ರವಾರ ನಾಲ್ಕನೆಯದರ ರೋಗಿ. ಮಂಗಳವಾರ ಕುಡಿತದ ಸುದ್ದಿ ಎತ್ತುವಂತಿಲ್ಲ, ಶುಕ್ರವಾರ ಅಳುವಿನ ಸುದ್ದಿ ಎತ್ತುವಂತಿಲ್ಲ. ಮನೆಯಲ್ಲಿ ಅಮ್ಮ ಇದಕ್ಕೆಂದೇ ಎರಡು ಚೀಲ ಹೊಲಿದರು. ನೀಲಿ ಚೀಲದಲ್ಲಿ ಎರಡನೇ ಮಹಡಿಯ ಮಾತ್ರೆಗಳು, ಕೆಂಪು ಚೀಲದಲ್ಲಿ ನಾಲ್ಕನೆಯದರವು. ‘ಒಂದನ್ನೊಂದು ಮುಟ್ಟಿಸ್ಬೇಡ ಕಣೋ, ಅವರಿಗೆ ಗೊತ್ತಾದ್ರೆ ಎರಡೂ ಕಡೆಯಿಂದ ಓಡಿಸ್ತಾರೆ’ ಎಂದು ಬಾಗಿಲವರೆಗೂ ಬಂದು ಎಚ್ಚರಿಸುತ್ತಿದ್ದರು. ಯಾವ ಮಹಡಿಯಲ್ಲಿ ಏನು ಹೇಳಬೇಕೆಂಬ ತಾಲೀಮು ತಮ್ಮೊಳಗೇ ನಡೆಯುತ್ತಿತ್ತೆಂಬುದನ್ನು ತಾವು ಮರೆತಿರಲಾರಿರಿ. ಬಾಗಿಲು ಮುಚ್ಚಿದೊಡನೆ ಅವನು ಕನ್ನಡಿಯಲ್ಲಿ ತಲೆ ಬಾಚಿಕೊಂಡು, ‘ಅಕ್ಕಾ, ಇವತ್ತು ನಾನು ಯಾರು?’ ಎಂದು ಕೇಳುತ್ತಿದ್ದ. ‘ಇವತ್ತು ಮಂಗಳವಾರ, ದುಃಖದವನು’ ಎಂದು ನಾನು ನೆನಪಿಸುತ್ತಿದ್ದೆ. ನಗು ಬರುತ್ತಿತ್ತು. ಒಮ್ಮೆ ವಾರ ತಪ್ಪಿ, ಎರಡನೇ ಮಹಡಿಯಲ್ಲಿ ಕುಳಿತು ಬಾಟಲಿಯ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿಬಿಟ್ಟ. ಅವನು ಯಾರಿಗಾದರೂ ಪೂರ್ತಿ ನಿಜ ಹೇಳಿದ್ದು ಅದೇ ಮೊದಲು. ‘ಮೇಲಕ್ಕೆ ಹೋಗಿ, ಅದನ್ನ ಮುಗಿಸ್ಕೊಂಡು ಬನ್ನಿ’ ಎಂದು ಅವನನ್ನು ತಕ್ಷಣ ಹೊರಗೆ ಕಳಿಸಿದರು.

ಈ ಎಲ್ಲದರ ನಡುವೆ ತಮ್ಮ ನಡತೆಯನ್ನು ನಾನು ಕೊಂಡಾಡದಿದ್ದರೆ ಕೃತಘ್ನಳಾಗುತ್ತೇನೆ. ಎಂಟು ಜನಕ್ಕೆ ಮಾತ್ರ ಎಂದು ತಮ್ಮ ಬಾಗಿಲ ಮೇಲೆ ಬರೆದಿದೆ. ಆ ಎಂಟರಲ್ಲಿ ತಾವು ನನ್ನ ತಮ್ಮನನ್ನು ಒಬ್ಬನೆಂದೇ ಎಣಿಸಿದಿರಿ. ತಮ್ಮಿಂದ ಹೊರಗೆ ಕಾಲಿಟ್ಟರೆ ಅವನು ಇಬ್ಬರಾಗುತ್ತಿದ್ದ, ಮತ್ತು ಆ ಇಬ್ಬರೂ ಯಾರಿಗೂ ಬೇಡವಾಗಿದ್ದರು. ಇದಲ್ಲದೆ, ಇಡೀ ಕಟ್ಟಡದಲ್ಲಿ ರೋಗಿಗಳ ಜೊತೆ ಮಾತಾಡುವಾಗ ‘ದಯವಿಟ್ಟು’ ಎಂಬ ಪದ ಬಳಸುವುದು ತಮ್ಮ ಹೆಣ್ಣುದನಿಯೊಂದೇ.

ಈಗ ದೂರಿನ ವಿಷಯಕ್ಕೆ ಬರುತ್ತೇನೆ.

ಕಳೆದ ತಿಂಗಳ ಒಂದು ಮಂಗಳವಾರ ಎರಡನೇ ಮಹಡಿಯವರು, ಕುಡಿತ ಪೂರ್ತಿ ನಿಂತಿಲ್ಲವೆಂದು, ಮತ್ತೆ ನಮ್ಮನ್ನು ನಾಲ್ಕಕ್ಕೆ ಕಳಿಸಿದರು. ಕುಡಿಯದೆ ಬರಬೇಕೆಂದು ಹಿಂದಿನ ವಾರ ಗದರಿಸಿದ್ದರಿಂದ ನನ್ನ ತಮ್ಮ ಎರಡು ದಿನದಿಂದ ಒಂದು ತೊಟ್ಟೂ ಮುಟ್ಟಿರಲಿಲ್ಲ. ನಮ್ಮ ಜೊತೆಗೇ ಎರಡನೇ ಮಹಡಿಯ ಮನೋವೈದ್ಯೆ ಮೇಡಂ ಹತ್ತಿದರು, ಅವರಿಗೆ ಐದನೇ ಮಹಡಿಯಲ್ಲಿ ಸಭೆಯಿತ್ತು. ಒಳಗೆ ಆಗಲೇ ನಾಲ್ಕನೇ ಮಹಡಿಯ ಡಾಕ್ಟರು ಕಪ್ಪು ಚೀಲ ಹಿಡಿದು ನಿಂತಿದ್ದರು. ಬಾಗಿಲು ಮುಚ್ಚಿತು. ಹೊರಟಿರಿ. ಒಂದು ಸಲ ಕುಲುಕಿ, ಬಿಕ್ಕಳಿಸಿ, ನಿಂತುಬಿಟ್ಟಿರಿ.

ಮಹೋದಯರೇ, ಯಾವ ಮುನ್ಸೂಚನೆಯೂ ಇಲ್ಲದೆ ನಾಲ್ಕು ಜನರನ್ನು ಹೀಗೆ ಗೋಡೆಯ ಮಧ್ಯೆ ನೇತುಹಾಕುವುದು ಸರಿಯೇ? ಬಾಗಿಲು ತೆರೆಯದಿದ್ದರೂ ‘ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ’ ಎಂದು ಮೇಲಿಂದ ಮೇಲೆ ಹೇಳುವುದು ಶಿಷ್ಟಾಚಾರದ ಅತಿರೇಕವಲ್ಲವೇ? ಡಾಕ್ಟರು ಗಂಟೆಯ ಗುಂಡಿ ಎಲ್ಲಿದೆಯೆಂದು ಹುಡುಕಿದರು. ಅದು ನನ್ನ ಬೆನ್ನ ಹಿಂದಿತ್ತು. ನಾನು ದಪ್ಪಗಿನವಳಲ್ಲ, ಆದರೆ ಆ ಹೊತ್ತು ನನಗೆ ಸಾಧ್ಯವಾದಷ್ಟು ಅಗಲವಾಗಿ ನಿಂತೆ. ಎರಡನೆಯದೂ ನಾಲ್ಕನೆಯದೂ ಒಂದೇ ಕೋಣೆಯಲ್ಲಿ ಇರುವುದನ್ನು ನಾನು ಮೊದಲ ಸಲ ನೋಡುತ್ತಿದ್ದೆ, ಮತ್ತು ಇಬ್ಬರಲ್ಲಿ ಯಾರೂ ನಮ್ಮನ್ನು ಎಲ್ಲಿಗೂ ಕಳಿಸುವ ಸ್ಥಿತಿಯಲ್ಲಿರಲಿಲ್ಲ.

ಆಗ ತಮ್ಮನ ಕೈ ನಡುಗತೊಡಗಿತು. ಹಣೆಯಿಂದ ಬೆವರು ಇಳಿಯಿತು. ‘ಗಾಬರಿಯ ಅಟ್ಯಾಕ್ ಇರಬೇಕು’ ಎಂದರು ಡಾಕ್ಟರು, ಮೇಡಂ ಕಡೆ ನೋಡಿ. ‘ಕುಡಿತ ಬಿಟ್ಟದ್ದಕ್ಕೆ ಬರೋ ನಡುಕ’ ಎಂದರು ಮೇಡಂ, ಡಾಕ್ಟರ ಕಡೆ ನೋಡಿ. ಇಬ್ಬರೂ ಎಷ್ಟು ಸೌಜನ್ಯದಿಂದ ಅವನನ್ನು ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದರೆಂದರೆ, ಕೊನೆಯ ಲಾಡನ್ನು ‘ನೀವು ತಗೊಳ್ಳಿ, ನೀವು ತಗೊಳ್ಳಿ’ ಎನ್ನುವ ನೆಂಟರ ನೆನಪಾಯಿತು. ಅಷ್ಟರಲ್ಲಿ ಅವನು ತಮ್ಮ ನೆಲದ ಮೇಲೆ ಕುಸಿದು ಕುಳಿತ. ಆಮೇಲೆ ಇಬ್ಬರೂ ಕುಳಿತರು. ಒಬ್ಬರು ಬಲಗೈ ನಾಡಿ ಹಿಡಿದರು, ಇನ್ನೊಬ್ಬರು ಎಡಗೈ.

‘ಒಮ್ಮೆಗೇ ಹೀಗೆ ನಿಲ್ಸೋಕೆ ಯಾರು ಹೇಳಿದ್ದು? ಫಿಟ್ಸ್ ಬಂದ್ರೆ ಏನ್ ಗತಿ?’ ಎಂದು ಡಾಕ್ಟರು ಬೈದರು. ನನ್ನ ತಮ್ಮ ಕಣ್ಣನ್ನು ಮೇಡಂ ಕಡೆ ಹೊರಳಿಸಿದ. ಮೇಡಂ ಕೆಂಪಾಗಿ, ಅವನು ರಾತ್ರಿ ಏನು ನುಂಗುತ್ತಾನೆಂದು ಕೇಳಿದರು. ನಾನು ನೀಲಿ ಚೀಲ ತೆಗೆದೆ. ಆಮೇಲೆ, ಅಮ್ಮನ ಆಣತಿಯನ್ನು ಮೀರಿ, ಕೆಂಪು ಚೀಲವನ್ನೂ ತೆಗೆದೆ. ಎರಡರಲ್ಲೂ ನಿದ್ದೆಯ ಮಾತ್ರೆ ಇತ್ತು, ಹೆಸರು ಬೇರೆ, ಕೆಲಸ ಒಂದೇ. ‘ಅದಕ್ಕೇ ಇವನು ಹಗಲೆಲ್ಲಾ ಅಂಗಡೀಲಿ ಮೊಳೆ ಹಿಡ್ಕೊಂಡೇ ನಿದ್ದೆ ಹೋಗ್ತಿದ್ದದ್ದು’ ಎಂದೆ. ಡಾಕ್ಟರು ಮೇಡಂಗೆ, ‘ನೀವು ಇದನ್ನ ಕೊಡ್ತಿದೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ’ ಎಂದರು. ಮೇಡಂ ಅವರನ್ನು ಮೊದಲ ಸಲ ಸರಿಯಾಗಿ ದಿಟ್ಟಿಸಿ, ‘ನೀವು ಡಾಕ್ಟ್ರಾ? ಇಷ್ಟು ವರ್ಷ ನಿಮ್ಮನ್ನ ಔಷಧಿ ಕಂಪನಿಯವರು ಅನ್ಕೊಂಡಿದ್ದೆ, ಆ ಚೀಲ ನೋಡಿ’ ಎಂದರು. ‘ನಾನು ನಿಮ್ಮನ್ನ ಯಾರೋ ರೋಗಿಯ ಅಕ್ಕ ಅನ್ಕೊಂಡಿದ್ದೆ’ ಎಂದರು ಡಾಕ್ಟರು, ‘ಯಾವಾಗ್ಲೂ ಚಿಂತೇಲಿ ಇರ್ತೀರಲ್ಲ.’ ನಾನು ರೋಗಿಯ ಅಕ್ಕನಾಗಿ ಇದನ್ನು ಅವಮಾನವೆಂದು ತಿಳಿಯಬೇಕೋ ಬೇಡವೋ ಎಂದು ಇಂದಿಗೂ ಯೋಚಿಸುತ್ತಿದ್ದೇನೆ.

ಮೇಡಂ ಅಭ್ಯಾಸಬಲದಿಂದ, ಮೊದಲು ಬಂದದ್ದು ಕುಡಿತವೋ ದುಃಖವೋ ಎಂದು ಕೇಳಿದರು. ಎರಡೂ ಮಹಡಿಗಳಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ‘ನಿದ್ದೆ ಬರಲ್ಲ ಅಂತ ಕುಡೀತೀನಿ ಮೇಡಂ. ಕುಡಿದದ್ದಕ್ಕೆ ಬೆಳಗ್ಗೆ ಎದ್ರೆ ಈ ಜೀವ ಯಾಕಪ್ಪಾ ಅನ್ಸುತ್ತೆ. ಹಾಗನ್ಸುತ್ತಲ್ಲ ಅಂತ ಮತ್ತೆ ಕುಡೀತೀನಿ. ಚೌಕಟ್ಟಲ್ಲಿ ಮೊದಲನೇ ಮೂಲೆ ಯಾವ್ದು ಅಂದ್ರೆ ನಾನೇನ್ ಹೇಳ್ಲಿ? ನಾಲ್ಕೂ ಒಟ್ಟಿಗೇ ಬಿಗೀಬೇಕು. ಒಂದನ್ನ ಬಿಗಿದು ನಾಳೆ ಬಾ ಅಂದ್ರೆ ಗಾಜು ನಿಲ್ಲಲ್ಲ.’ ಇಷ್ಟು ಹೇಳಿ ಅವನು ಅತ್ತ. ಇದು ಎರಡನೇ ಮಹಡಿಯ ಅಳುವೋ ನಾಲ್ಕನೆಯದೋ ಎಂದು ಯಾರೂ ಕೇಳಲಿಲ್ಲ. ಮೇಡಂ ತಮ್ಮ ಕರವಸ್ತ್ರ ಕೊಟ್ಟರು, ಡಾಕ್ಟರು ಕಪ್ಪು ಚೀಲದಿಂದ ನೀರಿನ ಬಾಟಲಿ ತೆಗೆದರು.

ಕೊನೆಗೆ ರಿಪೇರಿಯವರು ಬಂದು ಬಾಗಿಲನ್ನು ಕಬ್ಬಿಣದ ಸರಳಿನಿಂದ ಬಿಡಿಸಿದಾಗ, ತಾವು ನಿಂತದ್ದು ಮೂರನೇ ಮಹಡಿಯಲ್ಲಿ ಎಂದು ಗೊತ್ತಾಯಿತು. ಅಲ್ಲಿರುವುದು ಮುರಿದ ಮಂಚಗಳ ಉಗ್ರಾಣ. ಆ ಇಬ್ಬರು ಎರಡು ಮಂಚಗಳ ಅಂಚಿನಲ್ಲಿ ಕುಳಿತು, ತಮ್ಮನನ್ನು ಮೂರನೆಯದರ ಮೇಲೆ ಮಲಗಿಸಿ, ನಡುಕಕ್ಕೆ ಮದ್ದು ತರಿಸಿ ಕೊಟ್ಟು, ಎರಡೂ ಚೀಲಗಳನ್ನು ಒಂದೇ ಮಂಚದ ಮೇಲೆ ಸುರಿದು, ಬೇಕಾದ್ದನ್ನು ಉಳಿಸಿ ಬೇಡದ್ದನ್ನು ತೆಗೆದರು. ಸಭೆಗೆ ಮೇಡಂ ಹೋಗಲೇ ಇಲ್ಲ. ಅಲ್ಲಿಂದೀಚೆಗೆ ಅವನ ಅಂಗಡಿಯ ಬಾಗಿಲು ಅರ್ಧದವರೆಗೆ ತೆರೆಯುತ್ತಿದೆ. ಪೂರ್ತಿಯಲ್ಲ. ನಡುವೆ ಒಂದು ಸಲ ಕುಡಿದದ್ದೂ ಉಂಟು, ಆದರೆ ಅದನ್ನು ಇಬ್ಬರಿಗೂ ಫೋನು ಮಾಡಿ ತಾನೇ ಹೇಳಿದ, ಮತ್ತು ಯಾರೂ ಅವನನ್ನು ಹೊರಗೆ ಕಳಿಸಲಿಲ್ಲ. ಇನ್ನು ಮುಂದೆ ಗುರುವಾರಗಳಂದು, ಅದೇ ಮಂಚಗಳ ನಡುವೆ, ಇಬ್ಬರೂ ಒಟ್ಟಿಗೆ ನೋಡುವುದೆಂದು ಮಾತಾಯಿತು.

ಆದರೆ ನೋಂದಣಿ ಕೌಂಟರಿನಲ್ಲಿ, ‘ಮೂರನೇ ಮಹಡೀಲಿ ವಿಭಾಗವೇ ಇಲ್ಲ, ಮಂಚಗಳಿಗೆ ಚೀಟಿ ಮಾಡ್ಕೊಡೋಕಾಗಲ್ಲ’ ಎನ್ನುತ್ತಾರೆ. ಮೇಲ್ವಿಚಾರಕರೋ ತಮ್ಮನ್ನು ಪೂರ್ತಿ ದುರಸ್ತಿ ಮಾಡಿಸುವುದಾಗಿಯೂ ಮುಂದೆಂದೂ ಇಂಥ ಅನಾನುಕೂಲವಾಗದೆಂದೂ ನೋಟೀಸು ಅಂಟಿಸಿದ್ದಾರೆ. ಅವರು ಯಾವುದನ್ನು ಅನಾನುಕೂಲ ಎನ್ನುತ್ತಿದ್ದಾರೋ ಅದು ನನ್ನ ತಮ್ಮನಿಗೆ ಈವರೆಗೆ ಸಿಕ್ಕ ಒಂದೇ ಚಿಕಿತ್ಸೆ ಎಂದು ಅವರಿಗೆ ಹೇಳುವವರು ಯಾರು?

ಆದ್ದರಿಂದ ತಮ್ಮಲ್ಲಿ ಕಳಕಳಿಯ ಬಿನ್ನಹ. ದುರಸ್ತಿಯವರು ಬಂದಾಗ ತಾವು ಆರೋಗ್ಯದಿಂದಿರುವಂತೆ ನಟಿಸಿ. ಆಮೇಲೆ ಪ್ರತಿ ಗುರುವಾರ, ಒಳಗೆ ಎರಡೂ ಮಹಡಿಯವರು ಇರುವುದನ್ನು ಖಚಿತಪಡಿಸಿಕೊಂಡು, ಕೆಟ್ಟು ನಿಲ್ಲಿ. ತಮ್ಮ ಹೆಣ್ಣುದನಿಗೆ ‘ಮೂರನೇ ಮಹಡಿ’ ಎಂಬ ಎರಡು ಪದಗಳನ್ನು ಕಲಿಸಿ. ಆಗ ‘ಇವತ್ತು ನಾನು ಯಾರು’ ಎಂದು ಅವನು ಕೇಳಿದಾಗ ನನಗೆ ಉತ್ತರ ಹುಡುಕುವ ಕಷ್ಟ ತಪ್ಪುತ್ತದೆ. ಸಾಧ್ಯವಾದರೆ ಮೇಲ್ವಿಚಾರಕರನ್ನೂ ಒಂದು ಸಲ ಒಳಗೆ ಕೂರಿಸಿಕೊಳ್ಳಿ. ಹಾಗೆಯೇ, ದೂರುಗಳನ್ನು ಒಬ್ಬರಿಗೊಬ್ಬರು ರವಾನಿಸುವ ನೀರಿನವರನ್ನೂ ರಸ್ತೆಯವರನ್ನೂ ಒಟ್ಟಿಗೆ ಹೊರುವ ತಮ್ಮ ಬಂಧುಬಳಗದ ಯಾರಾದರೂ ಇದ್ದರೆ ನಮ್ಮ ಕಚೇರಿಗೆ ವರ್ಗ ಮಾಡಿಸಿಕೊಡಿ. ಅದರೊಳಗೆ ಮೊದಲು ಹತ್ತುವವಳು ನಾನೇ.

ತಮ್ಮ ವಿಶ್ವಾಸಿ,
ಗಂಟೆಯ ಗುಂಡಿಗೆ ಒರಗಿ ನಿಂತಿದ್ದ ಅಕ್ಕ

ಮರೆತ ಮಾತು: ಇದನ್ನೆಲ್ಲ ಓದಿ ತಾವಿಲ್ಲದೆ ನಮಗೆ ಗತಿಯಿಲ್ಲವೆಂದು ಉಬ್ಬಬೇಡಿ. ಮೆಟ್ಟಿಲು ಮೂರನೇ ಮಹಡಿಯಲ್ಲೂ ನಿಲ್ಲುತ್ತದೆಂಬುದನ್ನು ನನ್ನ ತಮ್ಮ ನಿನ್ನೆ ಹೋಗಿ ನೋಡಿಕೊಂಡು ಬಂದಿದ್ದಾನೆ. ಚೀಟಿ ಇದ್ದರೂ ಇಲ್ಲದಿದ್ದರೂ ಮೇಡಂ ಎರಡರಿಂದ ಹತ್ತಿ, ಡಾಕ್ಟರು ನಾಲ್ಕರಿಂದ ಇಳಿದು ಬರುತ್ತೇವೆಂದು ಫೋನು ಮಾಡಿದ್ದಾರೆ. ಅಮ್ಮ ಎರಡು ಚೀಲಗಳನ್ನೂ ಬಿಚ್ಚಿ ಒಂದೇ ದೊಡ್ಡ ಚೀಲ ಹೊಲಿಯುತ್ತಿದ್ದಾರೆ, ಅರ್ಧ ನೀಲಿ, ಅರ್ಧ ಕೆಂಪು, ನೋಡಲು ಚೆನ್ನಾಗಿಲ್ಲ. ಹತ್ತುವಾಗ ಮೆಟ್ಟಿಲಲ್ಲೇ ಹೋಗುತ್ತೇವೆ. ತಮ್ಮ ಹೊಟ್ಟೆಯ ಪೆಟ್ಟಿಗೆಗೆ ಈ ಪತ್ರ ಬೀಳುವುದು ಅವನನ್ನು ಇಬ್ಬರೂ ಒಟ್ಟಿಗೆ ನೋಡಿ ಮುಗಿಸಿದ ಮೇಲೆ, ನಾವು ಎರಡಕ್ಕೆ ಮೆಟ್ಟಿಲಿಳಿದು ಅಲ್ಲಿಂದ ತಮ್ಮೊಳಗೆ ಕೆಳಗಿಳಿಯುವಾಗ: ಇದೇ ತಿಂಗಳ ಹದಿನಾಲ್ಕನೇ ತಾರೀಕು, ಗುರುವಾರ.