ಮೂಟೆಗಳ ಕೋಣೆಗೆ ಗುಲಾಬಿ ಬಣ್ಣ

ನಮ್ಮ ಮನೆಯಲ್ಲಿ ಅತಿಥಿಗಳಿಗೆಂದೇ ಒಂದು ಕೋಣೆ ಇದೆ. ಅದರಲ್ಲಿ ಅತಿಥಿಗಳೂ ಇದ್ದಾರೆ. ಹೋದ ವರ್ಷ ಬಂದವರು, ಇನ್ನೂ ಹೊರಡುವ ಮಾತೆತ್ತಿಲ್ಲ. ಅವರು ಕಾಫಿ ಮೂಟೆಗಳು.

ನಮ್ಮ ಯಜಮಾನರಾದ ಬಸವರಾಜಪ್ಪನವರು (ಗಂಡನ ಹೆಸರು ಬಾಯಲ್ಲಿ ಹೇಳಬಾರದು, ಬರೆದರೆ ದೋಷವಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ) ರೇಟು ಏರುವ ತನಕ ಕಾಫಿ ಕೊಡುವುದಿಲ್ಲ ಎನ್ನುತ್ತಾರೆ. ಗೋಡೌನಿನಲ್ಲಿಡಿ ಎಂದರೆ ಅಲ್ಲಿ ಹೆಂಚು ಸೋರುತ್ತದಂತೆ. ಹೆಂಚು ಹಾಕಿಸಿ ಎಂದರೆ ರೇಟು ಏರಲಿ ಎನ್ನುತ್ತಾರೆ. ರೇಟಿಗೆ ಈ ಸಂಗತಿ ಯಾರೂ ತಿಳಿಸಿದಂತಿಲ್ಲ.

ಇದನ್ನೆಲ್ಲ ನಾನು ಸಹಿಸಿಕೊಂಡೇ ಇರುತ್ತಿದ್ದೆ. ಆದರೆ ವಸ್ತಾರೆಯಲ್ಲಿರುವ ನನ್ನ ತಂಗಿ ಶಂಕರಮ್ಮ ಪ್ರತಿ ಬೇಸಿಗೆಯೂ ಬಂದು ನನ್ನ ಜೊತೆ ಹಲಸಿನ ಹಪ್ಪಳ ಮಾಡಿ, ಎರಡು ವಾರ ಹರಟೆ ಹೊಡೆದು ಹೋಗುವವಳು. ಹೋದ ಬೇಸಿಗೆಯಲ್ಲಿ ಆ ಕೋಣೆಯಲ್ಲಿ ಒಂದೇ ರಾತ್ರಿ ಮಲಗಿದಳು. ಬೆಳಗಿನ ಬಸ್ಸಿಗೆ ಹೊರಟುಬಿಟ್ಟಳು. ಈ ಸಲ ಬಾ ಎಂದು ಫೋನು ಮಾಡಿದರೆ, "ಅಕ್ಕ, ಗೋಣಿಚೀಲದ ಜೊತೆ ಮಲಗಕ್ಕೆ ನಾನೇನು ಇಲಿನಾ? ಮೊದ್ಲು ಮೂಟೆ ಖಾಲಿ ಮಾಡ್ಸು, ಆಮೇಲೆ ಬರ್ತೀನಿ" ಎಂದು ಇಟ್ಟುಬಿಟ್ಟಳು. ಒಬ್ಬಳೇ ಕೂತು ಹಪ್ಪಳ ಒತ್ತುವ ಬೇಸಿಗೆಯೂ ಒಂದು ಬೇಸಿಗೆಯೇ?

ಏಪ್ರಿಲ್ ತಿಂಗಳು. ಹಿಂದಿನ ಶುಕ್ರವಾರ ಕಾಫಿಗೆ ಹೂವು ತರುವ ಒಳ್ಳೆಯ ಮಳೆ ಬಂದಿತ್ತು, ಈ ಶುಕ್ರವಾರ ಸಂಜೆ ಯಜಮಾನರು ಪ್ರಸನ್ನರಾಗಿ ಜಗಲಿಯಲ್ಲಿ ಕೂತಿದ್ದರು. ನಾಳೆ ನಾಡಿದ್ದು ಎರಡು ದಿನ ತೋಟದ ಕಡೆ ಹೋಗದೆ ಆರಾಮಾಗಿರೋಣ, ಒಂದು ದಿನ ಮನೆ ಕೆಲಸ, ಒಂದು ದಿನ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ಚಾರ್ಮಾಡಿ ನೋಡಿ ಬರೋಣ ಎಂದರು. ಇಂಥ ಹೊತ್ತನ್ನು ಬಿಟ್ಟರೆ ಮತ್ತೆ ಸಿಗುವುದಿಲ್ಲ. ನಿಧಾನವಾಗಿ ಹೇಳಿದೆ.

"ಬರ್ತೀನಿ. ಆದ್ರೆ ಎರಡು ದಿನ ನೀವು ಕಾಫಿ ಮಾತಾಡ್ಬಾರ್ದು. ಮೆಣಸು, ಮಳೆ, ರೇಟು, ಆಳು ಯಾವ್ದೂ ಇಲ್ಲ. ಮಾತಾಡಿದ್ರೆ ಮೂಟೆ ಕೋಣೆಯಿಂದ ಹೊರಗೆ."

"ನೀನು ಮಾತಾಡಿದ್ರೆ?"

"ನಾನಾ? ಲೋಟಕ್ಕೆ ಸುರಿಯೋದು ಬಿಟ್ರೆ ಕಾಫಿ ವಿಷ್ಯ ನಂಗೇನು ಗೊತ್ತು?"

"ಆದ್ರೂ ಇರಲಿ ಮಾರಾಯ್ತಿ. ನೀನು ಮಾತಾಡಿದ್ರೆ ಮೂಟೆ ಅಲ್ಲೇ. ನೀನು ಮತ್ತೆ ಆ ಸುದ್ದಿ ಎತ್ತೋ ಹಾಗಿಲ್ಲ."

ನಾನು ನಕ್ಕು ಒಪ್ಪಿಕೊಂಡೆ. ಇವರ ಬಾಯಿಗೆ ಒಂದು ಹಗಲು ಕೂಡ ಬೀಗ ನಿಲ್ಲುವುದಿಲ್ಲ ಎಂಬುದು ನಮ್ಮೂರು ಜಾವಳಿಯ ಸುತ್ತಮುತ್ತ ಎಲ್ಲರಿಗೂ ಗೊತ್ತು.

ಗೆಲುವು ನನ್ನದೇ ಎಂಬ ಧೈರ್ಯದಲ್ಲಿ ಶನಿವಾರ ಬೆಳಿಗ್ಗೆಯೇ ನಮ್ಮ ಆಳು ಕೆಂಚಯ್ಯನನ್ನು ಕರೆದು ಮೂಟೆಗಳನ್ನು ಜಗಲಿಗೆ ಹೊರಿಸಿದೆ. ಗೋಡೆಗೆ ಗುಲಾಬಿ ಬಣ್ಣದ ಡಿಸ್ಟೆಂಪರ್ ಹೊಡೆಯಲು ಯಜಮಾನರೇ ಪಂಚೆ ಮೇಲೆ ಕಟ್ಟಿ ನಿಂತರು. ಗೋಡೆಗೆ ಎಷ್ಟು ಬಣ್ಣ ಹೋಯಿತೋ ಕಾಣೆ, ಇವರ ಬೆಳ್ಳಿ ಮೀಸೆ ಮಾತ್ರ ಒಳ್ಳೆಯ ಗುಲಾಬಿಯಾಯಿತು. ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತು ಹೂವಿನ ಪರದೆ ಹೊಲಿದೆ.

ಕಿವಿ ಮಾತ್ರ ಕೋಣೆಯಲ್ಲೇ ಇತ್ತು. ಮಧ್ಯಾಹ್ನ ಕೆಂಚಯ್ಯ ಬಂದು, ಮಳೆ ಆಯಿತಲ್ಲ, ಸ್ಪ್ರಿಂಕ್ಲರ್ ಪೈಪು ಬಿಚ್ಚಿ ತರಲೋ ಬೇಡವೋ ಎಂದು ಕೇಳಿದ. ಇಣುಕಿ ನೋಡಿದರೆ ಯಜಮಾನರು ಬ್ರಷ್ ಹಿಡಿದುಕೊಂಡು ಒಂದು ಹುಬ್ಬು ಏರಿಸಿ, ಇನ್ನೊಂದು ಇಳಿಸಿ, ಎಡಗೈಯಲ್ಲಿ ಆಕಾಶ ತೋರಿಸಿ, ಬಲಗೈಯಲ್ಲಿ ಏನನ್ನೋ ಸುತ್ತುತ್ತಿದ್ದರು. ಕೆಂಚಯ್ಯ ಮೆಲ್ಲಗೆ ನನ್ನ ಹತ್ತಿರ ಬಂದ.

"ಅಮ್ಮಾರೆ, ಅಯ್ಯೋರಿಗೆ ಗಂಟ್ಲು ಕಟ್ಟೈತಾ? ಇಲ್ಲ, ಬಣ್ಣದ ವಾಸನೆ ತಲೆಗೆ ಏರೈತಾ?"

ಯಾವುದೂ ಅಲ್ಲ, ವ್ರತ ಎಂದೆ. ಪಾಪ, ಅವನು ಕೈಮುಗಿದು ಹೋದ.

ಸಂಜೆಯ ಹೊತ್ತಿಗೆ ಕೋಣೆ ಮದುಮಗಳ ಕೋಣೆಯ ಹಾಗೆ ಹೊಳೆಯುತ್ತಿತ್ತು. ಶಂಕರಮ್ಮನಿಗೆ ಅವಸರದಲ್ಲಿ ಫೋನು ಮಾಡಿ, ಮುಂದಿನ ವಾರವೇ ಬಾ, ಮೂಟೆಗಳಿಗೆ ವನವಾಸವಾಗಿದೆ ಎಂದು ಹೇಳಿಬಿಟ್ಟೆ.

ಭಾನುವಾರ ಜೀಪಿನಲ್ಲಿ ಹೊರಟೆವು. ಬೇರೆ ದಿನವಾದರೆ ಇವರು ತಿರುವು ತಿರುವಿಗೂ ಗಾಡಿ ನಿಲ್ಲಿಸಿ ಕಂಡವರ ತೋಟಕ್ಕೆ ಇಣುಕುತ್ತಾರೆ. ಒಬ್ಬರ ತೋಟಕ್ಕೆ ಮರದ ನೆರಳು ಜಾಸ್ತಿಯಾಯಿತು, ಇನ್ನೊಬ್ಬರ ಗಿಡಕ್ಕೆ ಗೊಬ್ಬರ ಸಾಲದು ಎಂದು ಊರಿನ ಎಸ್ಟೇಟುಗಳಿಗೆಲ್ಲ ಪುಕ್ಕಟೆ ಮೇಸ್ತ್ರಿ ಕೆಲಸ ಮಾಡುತ್ತಾರೆ. ಅಂದು ಮಾತ್ರ ರಸ್ತೆಯ ಎರಡು ಬದಿಯೂ ಕಾಫಿ ಹೂವು ಬಿಟ್ಟು ಬೆಳ್ಳಗಾಗಿದ್ದರೂ ನೇರ ಮುಂದೆ ನೋಡುತ್ತ ಜೀಪು ಓಡಿಸಿದರು. ಆ ಘಮಕ್ಕೆ ಮೂಗು ಮಾತ್ರ ಅರಳುತ್ತಿತ್ತು. ಮೂಗಿಗೆ ನಾನು ನಿಯಮ ಹಾಕಿರಲಿಲ್ಲ.

ನಾನು ನಮ್ಮ ಸೋದರತ್ತೆಯ ಮೊಮ್ಮಗಳ ಮದುವೆಯ ಸುದ್ದಿ ತೆಗೆದೆ. "ಹೌದಾ" ಎಂದರು. ಅಡುಗೆಮನೆ ಒಲೆಯ ಹೊಗೆ ಸುದ್ದಿ ತೆಗೆದೆ. "ಹೂಂ" ಎಂದರು. ಇಷ್ಟು ವರ್ಷ ಇವರ ಮಾತಿಗೆ ಹೂಂಗುಟ್ಟಿ ರೂಢಿಯಾದ ನನಗೆ, ಹೂಂಗುಟ್ಟಲು ಏನೂ ಇಲ್ಲದೆ ಗಂಟಲು ಕೆರೆಯತೊಡಗಿತು.

ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರುದೋಸೆ ಬಂತು. ಅದರ ಹಿಂದೆಯೇ ಸೋಮಶೇಖರಪ್ಪನವರೂ ಬಂದರು. ನಮ್ಮ ಪಕ್ಕದ ತೋಟದವರು. ನಮಗೂ ಅವರಿಗೂ ನಡುವೆ ಒಂದು ಬೇಲಿ ಇದೆ, ಬೇಲಿಗಿಂತ ಎತ್ತರದ ಪೈಪೋಟಿ ಇದೆ. ನಮ್ಮ ಕಡೆ ಮಳೆ ಬಂದರೆ ಸಾಕು, ಎಲ್ಲರೂ ಒಬ್ಬರಿಗೊಬ್ಬರು ಎಷ್ಟು ಸೆಂಟು (ನೂರು ಸೆಂಟಿಗೆ ಒಂದು ಇಂಚು ಮಳೆ) ಎಂದು ಕೇಳುತ್ತಾರೆ. ಯಾರ ಮಳೆಯಳತೆಯ ಗಾಜಿನಲ್ಲಿ ಹೆಚ್ಚು ನೀರಿದೆಯೋ ಅವರು ಆ ವಾರಕ್ಕೆ ದೊಡ್ಡ ಮನುಷ್ಯರು.

ಸೋಮಶೇಖರಪ್ಪನವರು ಕುರ್ಚಿ ಎಳೆದು ಕೂತು, "ಹೋದ ವಾರದ ಮಳೆ ನಿಮ್ಮಲ್ಲಿ ಎಷ್ಟು ಸೆಂಟು ಬಸವರಾಜಪ್ನೋರೆ?" ಎಂದರು.

ಇವರು ಒಂದು ದೋಸೆಯನ್ನು ಮಡಿಸಿ ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ತಮ್ಮಲ್ಲಿ ಎಪ್ಪತ್ತು ಸೆಂಟಾಯಿತು, ಹೂವು ಕೊಡೆ ಬಿಚ್ಚಿದ ಹಾಗೆ ಬಿಚ್ಚಿದೆ ಎಂದು ಅವರು ತಾವೇ ಹೇಳಿಕೊಂಡರು. ಇವರು ಎರಡನೆಯ ದೋಸೆಯನ್ನೂ ಹಾಗೆಯೇ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ದೋಸೆಯಿಂದಲೋ ದುಃಖದಿಂದಲೋ ಗೊತ್ತಿಲ್ಲ.

"ನಿಮ್ದು ಪಾಪ, ತುಂತುರು ಅಂತ ಕೇಳ್ದೆ," ಎಂದರು ಸೋಮಶೇಖರಪ್ಪನವರು. "ಮಳೆ ನೋಡಿ, ನಮ್ಮ ಬೇಲಿ ತನಕ ಬಂದು ನಿಂತುಬಿಡ್ತು. ಅದಕ್ಕೂ ತೋಟ ಯಾವ್ದು ಅಂತ ಗೊತ್ತಾಗುತ್ತೆ."

ಇವರು ಮೂರನೆಯ ದೋಸೆಗೆ ಕೈ ಹಾಕಿದರು. ಯಾರಾದರೂ ಏನಾದರೂ ಹೇಳಬೇಕಿತ್ತು. ಮೇಜಿನ ಈಚೆಯಿಂದ ಒಂದು ದನಿ ಕೇಳಿಸಿತು.

"ತುಂತುರು ಅಂತ ಯಾರು ಹೇಳಿದ್ದು ನಿಮ್ಗೆ? ಎಂಬತ್ತೈದು ಸೆಂಟು. ಗಾಜು ನಾನೇ ನೋಡಿದೀನಿ. ನಮ್ಮ ಹಳ್ಳದ ಬದಿಯ ಗಿಡಕ್ಕೆ ಮೊಗ್ಗು ಮೊದ್ಲೇ ಬಲ್ತಿತ್ತು, ಇವತ್ತು ಬೆಳಿಗ್ಗೆ ಮಲ್ಲಿಗೆ ದಂಡೆ ಥರ ಬಿಟ್ಟಿದೆ. ನೀವು ಹೋದ ವರ್ಷ ನೆರಳಿನ ಮರ ಕಡ್ದಿದ್ದು ಜಾಸ್ತಿಯಾಯ್ತು ಸೋಮಶೇಖರಪ್ನೋರೆ, ಹೂವು ಬಿಟ್ರೂ ಬಿಸಿಲಿಗೆ ಕಾಯಿ ನಿಲ್ಲೋದು ಕಷ್ಟ. ಹದಿನೈದು ದಿನಕ್ಕೆ ಇನ್ನೊಂದು ಮಳೆ ಬರ್ದಿದ್ರೆ ಏನು ಮಾಡ್ತೀರಿ? ನಾವಾದ್ರೆ ಪೈಪು ಬಿಚ್ದೆ ಹಾಗೇ ಬಿಟ್ಟಿದೀವಿ."

ಅದು ನನ್ನದೇ ದನಿ. ಅಲ್ಲಿಗೂ ನಿಲ್ಲಲಿಲ್ಲ. ಗೊಬ್ಬರಕ್ಕೆ ಬಂತು, ಕಾಯಿಕೊರಕದ ಹುಳಕ್ಕೆ ಬಂತು, ಮೆಣಸಿನ ಬಳ್ಳಿ ಹತ್ತಿತು. ಇಷ್ಟು ವರ್ಷ ಕಿವಿಗೆ ಬಿದ್ದದ್ದೆಲ್ಲ ಒಂದೇ ಏಟಿಗೆ ಹೊರಗೆ ಬಂತು. ಸೋಮಶೇಖರಪ್ಪನವರು ಗಡಿಯಾರ ನೋಡಿಕೊಂಡು, ಘಟ್ಟ ಇಳಿಯಬೇಕು ಎಂದು ಎದ್ದುಹೋದರು.

ಯಜಮಾನರು ಅಷ್ಟು ಹೊತ್ತಿನಲ್ಲಿ ತಮ್ಮ ತಟ್ಟೆ ಮುಗಿಸಿ ನನ್ನ ತಟ್ಟೆಯನ್ನೂ ಮುಗಿಸುತ್ತಿದ್ದರು. ಬಾಯಿ ಒರೆಸಿಕೊಂಡು, ಬಹಳ ಮೃದುವಾಗಿ ಕೇಳಿದರು.

"ನೆರಳು ಕಡ್ದಿದ್ದು ಜಾಸ್ತಿಯಾಯ್ತು ಅಂತ ನಿಂಗೂ ಅನ್ನಿಸ್ತಾ?"

ಹೂಂ ಎಂದೆ. ಅಲ್ಲಿಂದ ಚಾರ್ಮಾಡಿಯ ತನಕ, ಕಟ್ಟೆಯ ಮೇಲೆ ಕೂತು ಕಣಿವೆ ನೋಡುವಾಗಲೂ, ವಾಪಸು ಬರುವಾಗಲೂ, ತಡೆದುಕೊಂಡಿದ್ದ ಎರಡು ದಿನದ ಕಾಫಿಯನ್ನೆಲ್ಲ ಇವರು ನನಗೆ ಹೇಳಿದರು. ನಾನು ಹೂಂಗುಟ್ಟಿದೆ. ಗಂಟಲು ಕೆರೆಯುವುದು ನಿಂತಿತು. ಸೋತ ದುಃಖ ಬೆಟ್ಟದಷ್ಟಿತ್ತು, ಆದರೂ ಜೀಪಿನಲ್ಲಿ ಒಮ್ಮೆ ನಿದ್ದೆಯೂ ಬಂತು.

ಸೋಮವಾರ ಕೆಂಚಯ್ಯ ಮೂಟೆಗಳನ್ನು ಗುಲಾಬಿ ಕೋಣೆಗೆ ಹೊತ್ತ. ವ್ರತ ಮುಗಿಯಿತಾ ಅಮ್ಮಾರೆ ಎಂದು ಕೇಳಿದ. ಭಂಗವಾಯಿತು ಎಂದೆ.

ಶಂಕರಮ್ಮನಿಗೆ ಬರಬೇಡ ಎನ್ನಲು ನಾಲಿಗೆ ಬರಲಿಲ್ಲ. ಅವಳು ಬಂದಳು, ಹೂವಿನ ಪರದೆ ಸರಿಸಿ ಒಳಗೆ ನೋಡಿದಳು, ನನ್ನ ಮುಖ ನೋಡಿದಳು, ಚೀಲವನ್ನು ನೇರ ನನ್ನ ಮಂಚದ ಮೇಲೆ ತಂದಿಟ್ಟಳು. ಯಜಮಾನರು ಹಾಸಿಗೆ ಸುತ್ತಿಕೊಂಡು ಜಗಲಿಗೆ ನಡೆದರು. ಮಂಚ ತಂಗಿಗೇ ಆಯಿತು, ನನಗೆ ಉಳಿದದ್ದು ಅತಿಥಿಗಳ ಕೋಣೆ.

ಹಪ್ಪಳದ ಕೆಲಸ ಮುಗಿದ ಮೇಲೆ ಮಧ್ಯಾಹ್ನ ಈಗ ನಾನು ಅಲ್ಲೇ ಕಾಲು ಚಾಚುತ್ತೇನೆ. ಇದನ್ನು ಬರೆಯುತ್ತಿರುವುದೂ ಅಲ್ಲಿಯೇ. ಎರಡು ಮೂಟೆ ಬೆನ್ನಿಗೆ, ಒಂದು ಕಾಲಿಗೆ. ನನ್ನ ಸೊಂಟ ನೋವಿಗೆ ಇಷ್ಟು ಹದವಾದ ಒರಗು ಯಾವ ಅಂಗಡಿಯಲ್ಲೂ ಸಿಕ್ಕಿರಲಿಲ್ಲ. ನಿನ್ನೆ ಯಜಮಾನರು ಬಂದು, ರೇಟು ಸ್ವಲ್ಪ ಏರಿದೆ, ಮೂಟೆ ಕೊಟ್ಟುಬಿಡಲಾ ಎಂದು ಕೇಳಿದರು.

ಇನ್ನೂ ಸ್ವಲ್ಪ ಏರಲಿ ಎಂದೆ.